ಪರದೇಶದ ಕಡತ ಮತ್ತು ಆಪ್ತನ ಮಾತು

ಕೇಳಿದ ಮಾತು ನಿಜವೆಂಬುದು ಕೇಳುಗನಿಗೆ ಹೇಗೆ ತಿಳಿಯುತ್ತದೆ, ಆ ನಿಜತನ ಮಾತಿನ ಜೊತೆಯಲ್ಲೇ ಬರುತ್ತದೆಯೋ ಅಥವಾ ಹೊರಗಿನ ಇನ್ನೊಂದು ಆಧಾರ ಬಂದು ಅದನ್ನು ಖಚಿತಪಡಿಸಬೇಕೋ ಎಂಬ ವಿಚಾರವನ್ನು ಭಾರತೀಯ ದಾರ್ಶನಿಕರು ಪ್ರಾಮಾಣ್ಯವಾದ ಎಂದು ಕರೆದು, ಸಾವಿರ ವರ್ಷಕ್ಕೂ ಮಿಕ್ಕಿ ಅದರ ಮೇಲೆ ವಾದ ಮಾಡಿದ್ದಾರೆ. ಸರಿಯಾದ ಅರಿವನ್ನು ಹುಟ್ಟಿಸುವ ಸಾಧನ ಪ್ರಮಾಣ. ಆ ಅರಿವಿನ ಸರಿತನವೇ ಪ್ರಾಮಾಣ್ಯ. ಕಣ್ಣಾರೆ ಕಂಡದ್ದು ಪ್ರತ್ಯಕ್ಷ, ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಅನುಮಾನ, ಇನ್ನೊಬ್ಬರ ಮಾತಿನಿಂದ ತಿಳಿಯುವುದು ಶಬ್ದ. ಇವುಗಳಲ್ಲಿ ಶಬ್ದದ ಪಾಡು ಹೆಚ್ಚು ತೊಡಕಿನದು, ಏಕೆಂದರೆ ಅಲ್ಲಿ ಅರಿವಿಗೂ ವಸ್ತುವಿಗೂ ನಡುವೆ ಒಬ್ಬ ಮನುಷ್ಯ ನಿಂತಿರುತ್ತಾನೆ. ಅವನು ತಿಳಿಯದವನಿರಬಹುದು, ತಿಳಿದೂ ಸುಳ್ಳಾಡುವವನಿರಬಹುದು. ಈ ಚರ್ಚೆ ಬೆಳೆದದ್ದು ವೇದದ ಪ್ರಾಮಾಣ್ಯವನ್ನು ಸ್ಥಾಪಿಸುವ ಅಥವಾ ಅಲ್ಲಗಳೆಯುವ ಸಲುವಾಗಿ ಎಂಬುದು ನಿಜವಾದರೂ ಅದರ ವಿಷಯ ವೇದದೊಳಗೇ ಮುಗಿಯುವಂಥದಲ್ಲ. ಬೆಂಗಳೂರಿನ ಹೊರವಲಯದ ಪೀಣ್ಯ, ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್‌ಗಳಲ್ಲಿ ಕಂಪ್ಯೂಟರಿನ ಪರದೆಯ ಮೇಲೆ ಎಲ್ಲಿಂದಲೋ ಬಂದ ಇನ್‌ಸ್ಟಾಲರ್ ಕಡತವೊಂದನ್ನು ಡಬಲ್ ಕ್ಲಿಕ್ ಮಾಡಿ ತೆರೆಯುವವರು ಅದೇ ಪ್ರಶ್ನೆಗೆ, ತಿಳಿದೋ ತಿಳಿಯದೆಯೋ, ದಿನವೂ ಒಂದು ಉತ್ತರ ಕೊಡುತ್ತಿರುತ್ತಾರೆ.

1970ರ ದಶಕದಲ್ಲಿ ರೂಪುಗೊಂಡ ಪೀಣ್ಯ ಕೈಗಾರಿಕಾ ಪ್ರದೇಶದಲ್ಲಿ ದೊಡ್ಡ ಹೆಸರಿನ ಕಾರ್ಖಾನೆಗಳಿಗಿಂತ ಸಣ್ಣ ಘಟಕಗಳೇ ಹೆಚ್ಚು, ಮತ್ತು ಅಂಥ ಎಷ್ಟೋ ಘಟಕಗಳ ಕೆಲಸ ಸಿಎನ್‌ಸಿ ಯಂತ್ರಗಳ ಮೇಲೆ, ಅಂದರೆ ಕಂಪ್ಯೂಟರಿನ ಆಜ್ಞೆಯಂತೆ ಲೋಹವನ್ನು ಕಡೆಯುವ, ಕೊರೆಯುವ ಯಂತ್ರಗಳ ಮೇಲೆ ನಡೆಯುತ್ತದೆ. ಯಂತ್ರ ಜಪಾನಿನದೋ ಜರ್ಮನಿಯದೋ ತೈವಾನಿನದೋ ಚೀನಾದ್ದೋ ಆಗಿರಬಹುದು. ಅದರ ಜೊತೆಗೆ ಒಂದು ಪೆನ್ ಡ್ರೈವ್ ಬರುತ್ತದೆ, ಅದರೊಳಗೆ ಯಂತ್ರವನ್ನು ಕಂಪ್ಯೂಟರಿಗೆ ಜೋಡಿಸುವ ತಂತ್ರಾಂಶದ ಸೆಟಪ್ ಫೈಲ್ ಇರುತ್ತದೆ, ಎಷ್ಟೋ ವೇಳೆ ಅದರ ಹೆಸರು ಪರದೆಯ ಮೇಲೆ ಬರೀ ಚೌಕಗಳ ಸಾಲಾಗಿ ಕಾಣುತ್ತದೆ. ಹೊಸೂರು ರಸ್ತೆಯ ಬದಿಯಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ ಸುಮಾರು 330 ಎಕರೆಯಲ್ಲಿ ಕಿಯೋನಿಕ್ಸ್ ಸಂಸ್ಥೆ ಆರ್. ಕೆ. ಬಾಳಿಗರ ಕನಸಿನಂತೆ ಆರಂಭಿಸಿದ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಚಿತ್ರ ಬೇರೆ. ಅಲ್ಲಿನ ದೊಡ್ಡ ಕಚೇರಿಗಳಲ್ಲಿ ಉದ್ಯೋಗಿಗೆ ತನ್ನ ಕಂಪ್ಯೂಟರಿನಲ್ಲಿ ಏನನ್ನೂ ಸ್ಥಾಪಿಸುವ ಅಧಿಕಾರವಿರುವುದಿಲ್ಲ. ಅನುಮತಿ ಬೇಡುವ ಅರ್ಜಿ ಹೋಗಬೇಕು, ಒಪ್ಪಿಗೆಯಾಗಿ ಮರಳಿ ಬರಬೇಕು. ನಂಬಿಕೆಯ ಪ್ರಶ್ನೆಯನ್ನು ಅಲ್ಲಿ ಒಂದು ವಿಭಾಗಕ್ಕೆ ವಹಿಸಿಕೊಡಲಾಗಿದೆ. ಪೀಣ್ಯದ ಸಣ್ಣ ಘಟಕಗಳಲ್ಲಿ ಅಂಥ ವಿಭಾಗವಿಲ್ಲದ್ದರಿಂದ ಪ್ರಶ್ನೆ ತನ್ನ ಪೂರ್ಣ ಭಾರದೊಂದಿಗೆ ಆಪರೇಟರನ ಮುಂದೆಯೇ ಬಂದು ನಿಲ್ಲುತ್ತದೆ, ಮತ್ತು ತತ್ತ್ವಶಾಸ್ತ್ರದ ದೃಷ್ಟಿಯಿಂದ ನೋಡುವವರಿಗೆ ಆ ಕಾರಣದಿಂದಲೇ ಪೀಣ್ಯ ಹೆಚ್ಚು ಕುತೂಹಲದ ಜಾಗ.

ಇನ್‌ಸ್ಟಾಲರ್ ಎಂಬುದು ಎಂಥ ಮಾತು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಒಂದು ಚಿತ್ರದ ಕಡತ ಅಥವಾ ಪತ್ರದ ಕಡತ ತನ್ನೊಳಗಿರುವುದನ್ನು ತೋರಿಸಿ ಸುಮ್ಮನಾಗುತ್ತದೆ. ಇನ್‌ಸ್ಟಾಲರ್ ಹಾಗಲ್ಲ, ಅದು ಕಂಪ್ಯೂಟರಿಗೆ ಇಂಥದನ್ನು ಇಲ್ಲಿಡು, ಇದನ್ನು ಅಳಿಸು, ನಾಳೆ ಯಂತ್ರ ಚಾಲೂ ಆದೊಡನೆ ತನ್ನನ್ನು ಎಬ್ಬಿಸು ಎಂದು ಹೇಳುತ್ತದೆ. ವೇದವಾಕ್ಯಗಳ ಅರ್ಥವನ್ನು ವಿಚಾರಿಸಿದ ಮೀಮಾಂಸಕರ ಪರಿಭಾಷೆಯಲ್ಲಿ ಹೇಳುವುದಾದರೆ ಅದು ವಿಧಿವಾಕ್ಯ, ಅಂದರೆ ಕೇಳಿದವನನ್ನು ಕ್ರಿಯೆಗೆ ಹಚ್ಚುವ ವಾಕ್ಯ. ಆದರೆ ಪರದೆಯ ಮೇಲೆ ಬಳಕೆದಾರನಿಗೆ ಕಾಣುವುದು ವಿಧಿಯಲ್ಲ. ಇದು ಮುದ್ರಕದ ಚಾಲಕ, ಇದು ಲೇಸರ್ ಯಂತ್ರದ ನಿಯಂತ್ರಕ ಎಂಬ ವರ್ಣನೆ ಮಾತ್ರ. ವರ್ಣನೆ ಮನುಷ್ಯನಿಗೆ, ವಿಧಿ ಯಂತ್ರಕ್ಕೆ. ಒಂದೇ ಕಡತ ಇಬ್ಬರು ಕೇಳುಗರಿಗೆ ಎರಡು ಬೇರೆ ಮಾತನ್ನಾಡುತ್ತದೆ, ಮತ್ತು ಆಜ್ಞೆಯನ್ನು ಓದಲಾರದವನು ವರ್ಣನೆಯನ್ನು ನಂಬಿ ಅದನ್ನು ಜಾರಿಗೆ ತರುತ್ತಾನೆ.

ಈ ಇಬ್ಬರ ನಡುವೆ ಇರುವುದು ಫೈಲ್ ಮ್ಯಾನೇಜರ್, ಅಂದರೆ ಕಡತಗಳನ್ನು ಚಿತ್ರಗಳಾಗಿ ಜೋಡಿಸಿ ತೋರಿಸುವ ಡೆಸ್ಕ್‌ಟಾಪಿನ ಕಿಟಕಿ. ಕ್ಲಿಕ್ ಮಾಡಿದ ಕಡತವನ್ನು ಯಾವ ತಂತ್ರಾಂಶಕ್ಕೆ ಒಪ್ಪಿಸಬೇಕೆಂದು ಅದು ಕಡತದ ಹೆಸರಿನ ಬಾಲವನ್ನು ನೋಡಿಯೋ, ಕಡತದ ಮೊದಲ ಕೆಲವು ಬೈಟ್‌ಗಳನ್ನು ಓದಿಯೋ ತೀರ್ಮಾನಿಸುತ್ತದೆ. ವಿಂಡೋಸ್‌ನ ಇಎಕ್ಸ್‌ಇ ಕಡತಗಳೆಲ್ಲ ಎಂ ಮತ್ತು ಜಡ್ ಎಂಬ ಎರಡು ಅಕ್ಷರಗಳಿಂದ ಆರಂಭವಾಗುತ್ತವೆ. ಅವು ಮೈಕ್ರೋಸಾಫ್ಟ್‌ನ ಎಂಜಿನಿಯರ್ ಮಾರ್ಕ್ ಜ್ಬಿಕೋವ್ಸ್ಕಿ ಅವರ ಹೆಸರಿನ ಮೊದಲಕ್ಷರಗಳು. ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್‌ನ ಕ್ರಿಯಾಕಡತಗಳ ತಲೆಯಲ್ಲಿ ಬೇರೆ ಗುರುತಿದೆ. ಲಿನಕ್ಸ್ ಡೆಸ್ಕ್‌ಟಾಪಿನ ಮೇಲೆ ವಿಂಡೋಸ್‌ನ ಸೆಟಪ್ ಫೈಲ್ ಬಂದು ಕುಳಿತಾಗ ಫೈಲ್ ಮ್ಯಾನೇಜರ್ ಅದರ ಕುಲವನ್ನು ಹೀಗೆ ಗುರುತಿಸಿ, ಒಂದೋ ಇದನ್ನು ತೆರೆಯಲು ತನ್ನಲ್ಲಿ ಯಾರೂ ಇಲ್ಲವೆನ್ನುತ್ತದೆ, ಇಲ್ಲವೇ ವೈನ್ ಎಂಬ ದುಭಾಷಿಗೆ ಒಪ್ಪಿಸುತ್ತದೆ. ಹೀಗೆ ಕುಲ ಗೊತ್ತಾದ ಮಾತ್ರಕ್ಕೆ ಶೀಲ ಗೊತ್ತಾಗುವುದಿಲ್ಲ ಎಂಬುದು ಹೇಳಬೇಕಾಗಿಲ್ಲದ ಮಾತು, ಆದರೂ ಡೆಸ್ಕ್‌ಟಾಪಿನ ವಿನ್ಯಾಸಕಾರರು ಅದನ್ನು ಪದೇಪದೇ ಮರೆತಿದ್ದಾರೆ.

ವೈನ್ 1993ರಲ್ಲಿ ಆರಂಭವಾಗಿ, ಅಲೆಕ್ಸಾಂಡರ್ ಜೂಲಿಯಾರ್ ಅವರ ಮುಂದಾಳತ್ವದಲ್ಲಿ ಬೆಳೆದು, ಹದಿನೈದು ವರ್ಷಗಳ ನಂತರ 2008ರಲ್ಲಿ ತನ್ನ 1.0 ಆವೃತ್ತಿಯನ್ನು ಕಂಡ ಮುಕ್ತ ತಂತ್ರಾಂಶ. ಅದು ವಿಂಡೋಸ್ ತಂತ್ರಾಂಶ ಕೇಳುವ ಸೇವೆಗಳನ್ನು ಲಿನಕ್ಸ್‌ನ ಸೇವೆಯಾಗಿ ತಿರುಗಿಸಿ ಕೊಡುತ್ತದೆ. ಬಂದ ತಂತ್ರಾಂಶಕ್ಕೆ ಸಿ ಡ್ರೈವ್ ಕಾಣುತ್ತದೆ, ಪ್ರೋಗ್ರಾಮ್ ಫೈಲ್ಸ್ ಕಾಣುತ್ತದೆ, ರಿಜಿಸ್ಟ್ರಿ ಕಾಣುತ್ತದೆ. ವಾಸ್ತವದಲ್ಲಿ ಅವೆಲ್ಲ ಬಳಕೆದಾರನ ಮನೆಕೋಶದೊಳಗಿನ ಒಂದು ಮರೆಯಾದ ಫೋಲ್ಡರ್. ಅದ್ವೈತಿಗಳು ವ್ಯಾವಹಾರಿಕ ಸತ್ಯವೆಂದು ಕರೆಯುವ, ಒಳಗಿರುವವರೆಗೆ ಕೆಲಸಕ್ಕೆ ಬರುವ ಜಗತ್ತಿಗೆ ಇದನ್ನು ಹೋಲಿಸುವ ಆಸೆಯಾಗುವುದು ಸಹಜ. ಆದರೆ ಹೋಲಿಕೆ ಒಂದು ಕಡೆ ಕೈಕೊಡುತ್ತದೆ: ವೈನ್ ಕಟ್ಟಿಕೊಡುವ ಆ ಜಗತ್ತಿನಲ್ಲಿ ಜಡ್ ಎಂಬ ಇನ್ನೊಂದು ಡ್ರೈವ್ ಇರುತ್ತದೆ, ಬಳಕೆದಾರನು ಬೇರೆ ಏರ್ಪಾಡು ಮಾಡದಿದ್ದರೆ ಅದು ಲಿನಕ್ಸ್‌ನ ಇಡೀ ಕಡತವ್ಯವಸ್ಥೆಯ ಬೇರಿಗೇ ತೆರೆದುಕೊಳ್ಳುತ್ತದೆ. ಅತಿಥಿಗೆ ಪ್ರತ್ಯೇಕ ಕೋಣೆ ಕೊಟ್ಟು, ಆ ಕೋಣೆಯಿಂದ ಇಡೀ ಮನೆಗೆ ಹೋಗುವ ಬಾಗಿಲನ್ನು ತೆರೆದೇ ಇಟ್ಟಂತೆ. ಬಳಕೆದಾರನು ಓದಬಲ್ಲ, ಅಳಿಸಬಲ್ಲ ಎಲ್ಲವನ್ನೂ ಆ ಅತಿಥಿಯೂ ಓದಬಲ್ಲ, ಅಳಿಸಬಲ್ಲ. ವೈನ್ ಬೇಲಿಯಲ್ಲ, ದುರುದ್ದೇಶದ ತಂತ್ರಾಂಶ ಅದರೊಳಗೂ ಓಡಬಲ್ಲದು ಎಂಬುದನ್ನು ಅದರ ನಿರ್ಮಾಪಕರು ಎಂದೂ ಬಚ್ಚಿಟ್ಟಿಲ್ಲ.

ಕನ್ನಡಿಗರಿಗೆ ಈ ಪರಕೀಯತೆಯ ಒಂದು ವಿಚಿತ್ರ ಅನುಭವವಿದೆ. ಕನ್ನಡ ಬರೆಯಲು ಹೆಚ್ಚು ಬಳಕೆಯಾದ ಎರಡು ತಂತ್ರಾಂಶಗಳಾದ ಶೇಷಾದ್ರಿವಾಸು ಅವರ ಬರಹ ಮತ್ತು ಕನ್ನಡ ಗಣಕ ಪರಿಷತ್ತಿನ ನುಡಿ ವಿಂಡೋಸ್‌ಗಾಗಿ ಹುಟ್ಟಿದವು. ಹಾಗಾಗಿ ಲಿನಕ್ಸ್ ಹಾಕಿಕೊಂಡ ಕಂಪ್ಯೂಟರಿನಲ್ಲಿ ಕನ್ನಡದ ತಂತ್ರಾಂಶವೇ ಪರದೇಶಿಯಾಗಿ ಬಾಗಿಲಲ್ಲಿ ನಿಲ್ಲುತ್ತದೆ. ವೈನ್‌ನ ಮೂಲಕ ಅಂಥ ಕೀಲಿಮಣೆ ತಂತ್ರಾಂಶವನ್ನು ಸ್ಥಾಪಿಸಿದರೂ ಕೀಲಿಯೊತ್ತನ್ನು ಕನ್ನಡವಾಗಿಸುವ ಅದರ ಶಕ್ತಿ ವೈನ್‌ನೊಳಗಿನ ಕಿಟಕಿಗಳಿಗೆ ಮಾತ್ರ ಸಲ್ಲುತ್ತದೆ. ಪಕ್ಕದಲ್ಲಿ ತೆರೆದಿರುವ ಲಿಬ್ರೆ ಆಫೀಸ್‌ಗೆ ಆ ಕನ್ನಡ ತಲುಪುವುದಿಲ್ಲ. ಅದೇ ವೇಳೆಗೆ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿವಿನ್ಯಾಸ ಲಿನಕ್ಸ್‌ನ ಸ್ವಂತ ತಂತ್ರಾಂಶ ಉಗ್ರಾಣದಲ್ಲೇ ಬೇರೊಂದು ಹೆಸರಿನಲ್ಲಿ ಸಿದ್ಧವಾಗಿರುತ್ತದೆ. ಜೋರಿನ್‌ನಂಥ ಕೆಲವು ಲಿನಕ್ಸ್ ಆವೃತ್ತಿಗಳು ಈಗ ಇಎಕ್ಸ್‌ಇ ಕಡತವನ್ನು ಕ್ಲಿಕ್ ಮಾಡಿದೊಡನೆ ಅದನ್ನು ಓಡಿಸದೆ, ಇದೇ ಕೆಲಸ ಮಾಡುವ ದೇಶೀ ತಂತ್ರಾಂಶವಿದ್ದರೆ ಅದನ್ನು ಸೂಚಿಸುತ್ತವೆ. ಡಬಲ್ ಕ್ಲಿಕ್‌ಗೆ ಕೊಡಬಹುದಾದ ಉತ್ತರಗಳಲ್ಲಿ ಇದಕ್ಕಿಂತ ವಿವೇಕದ್ದು ಇನ್ನೊಂದಿಲ್ಲ.

ಇನ್ನು ಮೂಲಪ್ರಶ್ನೆಗೆ ಬರಬಹುದು. ನ್ಯಾಯದರ್ಶನದ ಪ್ರಕಾರ ಆಪ್ತನ ಉಪದೇಶವೇ ಶಬ್ದಪ್ರಮಾಣ. ಆಪ್ತನೆಂದರೆ ಬಂಧುವಲ್ಲ, ಗೆಳೆಯನೂ ಅಲ್ಲ. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನನು ಅವನಲ್ಲಿ ಮೂರು ಗುಣಗಳನ್ನು ಕಾಣುತ್ತಾನೆ. ವಸ್ತುವನ್ನು ಅವನು ನೇರವಾಗಿ ಅರಿತಿರಬೇಕು; ಕೇಳುವವರ ಮೇಲೆ ಅವನಿಗೆ ದಯೆಯಿರಬೇಕು; ಇದ್ದುದನ್ನು ಇದ್ದಂತೆ ತಿಳಿಸುವ ಇಚ್ಛೆಯಿರಬೇಕು. ಇದರ ಜೊತೆಗೆ ಅವನು ಆಡುವ ಇನ್ನೊಂದು ಮಾತು, ಅವನ ಕಾಲವನ್ನು ನೆನೆದರೆ, ಬೆರಗು ಹುಟ್ಟಿಸುವಂಥದು: ಆಪ್ತನ ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನ ಎನ್ನುತ್ತಾನೆ ಅವನು. ಮ್ಲೇಚ್ಛನೆಂದರೆ ಹೊರನಾಡಿನವನು, ನುಡಿ ತಿಳಿಯದವನು, ಆಚಾರ ಬೇರೆಯಾದವನು. ಅವನ ಮಾತನ್ನು ಅವನ ಹುಟ್ಟಿನ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ಋಷಿಯ ಮಾತನ್ನು ಅಳೆಯುವ ಕೋಲಿನಿಂದಲೇ ಅದನ್ನೂ ಅಳೆಯಬೇಕು. ಶೆನ್‌ಜೆನ್‌ನಿಂದ ಬಂದ ಕಡತವನ್ನು ಚೀನಾದ್ದೆಂಬ ಒಂದೇ ಕಾರಣಕ್ಕೆ ಹೀಗಳೆಯುವವರಿಗೂ, ಜರ್ಮನಿಯದೆಂಬ ಒಂದೇ ಕಾರಣಕ್ಕೆ ಕಣ್ಣುಮುಚ್ಚಿ ಒಪ್ಪುವವರಿಗೂ ವಾತ್ಸ್ಯಾಯನನ ಉತ್ತರ ಒಂದೇ. ದೇಶ ಲಕ್ಷಣವಲ್ಲ. ಅರಿವು, ದಯೆ, ಸತ್ಯೇಚ್ಛೆ ಲಕ್ಷಣ.

ಈ ಮೂರನ್ನು ಕಡತದೊಳಗೆ ಕಾಣುವುದು ಹೇಗೆ ಎಂಬಲ್ಲಿ ಕಷ್ಟ ಆರಂಭವಾಗುತ್ತದೆ. ತಂತ್ರಾಂಶ ಲೋಕ ಕಂಡುಕೊಂಡ ಉಪಾಯ ಡಿಜಿಟಲ್ ಸಹಿ. ತಂತ್ರಾಂಶವನ್ನು ಪ್ರಕಟಿಸಿದವನು ತನ್ನಲ್ಲಿ ಮಾತ್ರ ಇರುವ ಗುಪ್ತ ಕೀಲಿಯಿಂದ ಕಡತಕ್ಕೆ ಒಂದು ಗಣಿತದ ಗುರುತನ್ನು ಹಾಕುತ್ತಾನೆ; ಅವನ ಬಹಿರಂಗ ಕೀಲಿ ಅವನದೇ ಎಂದು ಪ್ರಮಾಣಪತ್ರ ಪ್ರಾಧಿಕಾರವೆಂಬ ಇನ್ನೊಂದು ಸಂಸ್ಥೆ ಹೇಳುತ್ತದೆ; ಆ ಸಂಸ್ಥೆಯನ್ನು ನಂಬಬಹುದೆಂದು ಅದರ ಮೇಲಿನ ಮೂಲ ಪ್ರಮಾಣಪತ್ರ ಹೇಳುತ್ತದೆ. ಅರಿವಿನ ಸರಿತನವು ಹೊರಗಿನ ಆಧಾರದಿಂದಲೇ ಗೊತ್ತಾಗುತ್ತದೆ ಎಂಬ ನೈಯಾಯಿಕರ ಪಕ್ಷಕ್ಕೆ ಪರತಃಪ್ರಾಮಾಣ್ಯವೆಂದು ಹೆಸರು, ಮತ್ತು ಸಹಿಯ ಏರ್ಪಾಡು ಅದರದೇ ಯಂತ್ರರೂಪ. ಡೆಬಿಯನ್‌ನಂಥ ಲಿನಕ್ಸ್ ಆವೃತ್ತಿಗಳು ತಮ್ಮ ಉಗ್ರಾಣದ ಪಟ್ಟಿಗೇ ಸಹಿ ಹಾಕಿ, ಸಹಿಯಿಲ್ಲದ ಮೂಲದಿಂದ ಬಂದದ್ದನ್ನು ಸುಮ್ಮನೆ ಒಳಗೆ ಬಿಡುವುದಿಲ್ಲ. ಆದರೆ ಸಹಿ ಉತ್ತರಿಸುವ ಪ್ರಶ್ನೆಗಳು ಎರಡೇ ಎರಡು: ಇದನ್ನು ಕಳಿಸಿದವರು ಯಾರು, ದಾರಿಯಲ್ಲಿ ಇದು ಬದಲಾಗಿಲ್ಲವೇ. ಕಳಿಸಿದವನು ಬಲ್ಲವನೇ, ಅವನಿಗೆ ದಯೆಯಿದೆಯೇ, ಇದ್ದುದನ್ನು ಇದ್ದಂತೆ ಹೇಳುತ್ತಿದ್ದಾನೆಯೇ ಎಂಬ ಮೂರರ ಬಗ್ಗೆ ಅದು ಮೌನವಾಗಿರುತ್ತದೆ. ಪರಿಶೀಲಿತ ಪ್ರಕಾಶಕ ಎಂಬ ಗುರುತನ್ನು ಕಂಡು ನೆಮ್ಮದಿಯಾಗುವವನು ವ್ಯಕ್ತಿಯ ಗುರುತನ್ನೇ ಆಪ್ತತ್ವವೆಂದು ಭ್ರಮಿಸುತ್ತಾನೆ, ಮತ್ತು ಈ ಭ್ರಮೆಯೇ ಇಡೀ ವ್ಯವಸ್ಥೆಯ ದುರ್ಬಲ ಕೊಂಡಿ.

2010ರಲ್ಲಿ ಪತ್ತೆಯಾದ ಸ್ಟಕ್ಸ್‌ನೆಟ್ ಈ ದೌರ್ಬಲ್ಯವನ್ನು ಕಾರ್ಖಾನೆಗಳ ಮಟ್ಟದಲ್ಲೇ ತೋರಿಸಿಕೊಟ್ಟಿತು. ಇರಾನಿನ ಅಣುಘಟಕವನ್ನು ಗುರಿಯಾಗಿಸಿಕೊಂಡಿದ್ದ ಆ ಕುತಂತ್ರಾಂಶ ಸೀಮೆನ್ಸ್ ಕಂಪನಿಯ ಸ್ಟೆಪ್ 7 ತಂತ್ರಾಂಶವನ್ನು, ಅಂದರೆ ಪೀಣ್ಯದಂಥ ಕಡೆ ಯಂತ್ರಗಳನ್ನು ನಡೆಸುವ ಪಿಎಲ್‌ಸಿ ನಿಯಂತ್ರಕಗಳಿಗೆ ಆಜ್ಞೆ ಬರೆಯುವ ತಂತ್ರಾಂಶವನ್ನು ಹುಡುಕುತ್ತ ಹರಡಿತು. ಸೋಂಕಿತ ಕಂಪ್ಯೂಟರುಗಳು ಹೆಚ್ಚಾಗಿ ಕಂಡ ಮೊದಲ ಮೂರು ದೇಶಗಳೆಂದರೆ ಇರಾನ್, ಇಂಡೊನೇಷ್ಯಾ ಮತ್ತು ಭಾರತ. ಅದರ ಚಾಲಕಗಳ ಮೇಲೆ ಸಹಿಯಿತ್ತು, ಮತ್ತು ಆ ಸಹಿ ಗಣಿತದ ಲೆಕ್ಕದಲ್ಲಿ ಅಪ್ಪಟವಾಗಿತ್ತು: ತೈವಾನಿನ ಷಿನ್‌ಚು ವಿಜ್ಞಾನ ಪಾರ್ಕಿನಲ್ಲಿರುವ ರಿಯಲ್‌ಟೆಕ್ ಮತ್ತು ಜೆಮೈಕ್ರಾನ್ ಕಂಪನಿಗಳ ಗುಪ್ತ ಕೀಲಿಗಳು ಕಳುವಾಗಿದ್ದವು. ಇದಕ್ಕಿಂತ ಸೂಕ್ಷ್ಮವಾದದ್ದು ಅದು ಒಳಹೊಕ್ಕ ಬಗೆ. ಪೆನ್ ಡ್ರೈವಿನಲ್ಲಿದ್ದ ಅಡ್ಡದಾರಿ ಕಡತದ ಚಿಹ್ನೆಯನ್ನು ವಿಂಡೋಸ್‌ನ ಫೈಲ್ ಮ್ಯಾನೇಜರ್ ಪರದೆಯ ಮೇಲೆ ಬಿಡಿಸಲು ಹೊರಟೊಡನೆ ಕುತಂತ್ರಾಂಶ ಎದ್ದು ಕೂರುತ್ತಿತ್ತು. ಕ್ಲಿಕ್ ಮಾಡುವ ಅಗತ್ಯವೇ ಇರಲಿಲ್ಲ. ಪ್ರಾಧಿಕಾರಗಳೂ ಎಡವುತ್ತವೆ. 2014ರ ಜುಲೈನಲ್ಲಿ ಭಾರತದ ರಾಷ್ಟ್ರೀಯ ಮಾಹಿತಿ ಕೇಂದ್ರದ ಪ್ರಮಾಣಪತ್ರ ವಿಭಾಗದಿಂದ ಗೂಗಲ್‌ನ ಜಾಲತಾಣಗಳ ಹೆಸರಿನಲ್ಲಿ ಅನಧಿಕೃತ ಪ್ರಮಾಣಪತ್ರಗಳು ಹೊರಬಿದ್ದದ್ದು ಪತ್ತೆಯಾಗಿ ಅವನ್ನು ರದ್ದುಪಡಿಸಬೇಕಾಯಿತು. ಸಾಕ್ಷಿ ಹೇಳುವವನಿಗೆ ಸಾಕ್ಷಿ ಯಾರು ಎಂಬ ಈ ಕೊನೆಯಿಲ್ಲದ ಏಣಿಗೆ ತರ್ಕದಲ್ಲಿ ಅನವಸ್ಥಾದೋಷವೆಂದು ಹೆಸರು, ಮತ್ತು ಪರತಃಪ್ರಾಮಾಣ್ಯದ ಮೇಲೆ ಎದುರಾಳಿಗಳು ಹೊರಿಸಿದ ಮುಖ್ಯ ಆರೋಪ ಇದೇ.

ಆ ಎದುರಾಳಿಗಳಲ್ಲಿ ಪ್ರಮುಖರು ಮೀಮಾಂಸಕರು. ಹುಟ್ಟಿದ ಅರಿವು ತನ್ನಷ್ಟಕ್ಕೆ ಸರಿಯಾದದ್ದೇ, ಅದನ್ನು ಅಲ್ಲಗಳೆಯುವ ಬಾಧಕ ಕಾಣಿಸಿಕೊಳ್ಳುವವರೆಗೆ ಅದಕ್ಕೆ ಬೇರೆ ಜಾಮೀನು ಬೇಕಿಲ್ಲ, ತಪ್ಪಿಗೆ ಮಾತ್ರ ಹೊರಗಿನ ಕಾರಣ ಬೇಕು ಎಂಬುದು ಕುಮಾರಿಲ ಭಟ್ಟನ ನಿಲುವು, ಇದು ಸ್ವತಃಪ್ರಾಮಾಣ್ಯವಾದ. ಆಂಟಿವೈರಸ್ ತಂತ್ರಾಂಶ ಹಳೆಯ ಕ್ರಮದಲ್ಲಿ ಹೀಗೆಯೇ ಯೋಚಿಸುತ್ತದೆ: ಅಪರಾಧಿಗಳ ಪಟ್ಟಿಯಲ್ಲಿ ಹೆಸರಿಲ್ಲದ ಎಲ್ಲವನ್ನೂ ಒಳಗೆ ಬಿಡುತ್ತದೆ, ಬಾಧಕ ಕಂಡಾಗ ಮಾತ್ರ ತಡೆಯುತ್ತದೆ. ದಿನನಿತ್ಯದ ಬದುಕು ಈ ನಿಯಮದಿಂದಲೇ ಸಾಗುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. ದಾರಿ ಕೇಳಿದಾಗ ಹೇಳಿದವನ ಪೂರ್ವಾಪರ ವಿಚಾರಿಸುತ್ತ ನಿಂತರೆ ಯಾರೂ ಊರು ಸೇರಲಾರರು. ಆದರೆ ಮೀಮಾಂಸಕರು ಈ ನಿಯಮವನ್ನು ವೇದಕ್ಕೆ ಅನ್ವಯಿಸುವಾಗ ಕೊಟ್ಟ ಕಾರಣವನ್ನು ಮರೆಯುವಂತಿಲ್ಲ. ಮಾತಿನ ದೋಷವೆಲ್ಲ ಆಡಿದವನಿಂದ ಬರುವುದು, ವೇದಕ್ಕೆ ಆಡಿದವನೇ ಇಲ್ಲ, ಅದು ಅಪೌರುಷೇಯ, ಆದುದರಿಂದ ಅಲ್ಲಿ ದೋಷಕ್ಕೆ ಎಡೆಯಿಲ್ಲ ಎಂದರು ಅವರು. ಇನ್‌ಸ್ಟಾಲರ್ ಕಡತವಂತೂ ತಲೆಯಿಂದ ಕಾಲಿನವರೆಗೆ ಪೌರುಷೇಯ. ಅದನ್ನು ಬರೆದವರು, ಮಾರ್ಪಡಿಸಿದವರು, ನಕಲು ಮಾಡಿದವರು, ಪೆನ್ ಡ್ರೈವಿಗೆ ಹಾಕಿಕೊಟ್ಟವರು ಎಲ್ಲರೂ ಮನುಷ್ಯರೇ. ಹಾಗಾಗಿ ಸ್ವತಃಪ್ರಾಮಾಣ್ಯದ ಸವಲತ್ತನ್ನು ಅದಕ್ಕೆ ಕೊಡಲು ಮೀಮಾಂಸಕರೇ ಒಪ್ಪುತ್ತಿರಲಿಲ್ಲ ಎಂದು ಊಹಿಸಬಹುದು. ದುಬಾರಿ ತಂತ್ರಾಂಶದ ಕಳ್ಳಪ್ರತಿಯ ಜೊತೆಗೆ ಬರುವ, ಬೀಗ ಮುರಿಯುವ ಪುಟ್ಟ ಕಡತ ತನ್ನನ್ನು ಓಡಿಸುವ ಮುನ್ನ ಆಂಟಿವೈರಸ್ಸನ್ನು ನಿಲ್ಲಿಸಿ ಎಂದು ಕೇಳುತ್ತದೆ. ಬಾಧಕವನ್ನು ಮೊದಲು ಹೊರಗೆ ಕಳಿಸಿ ಆಮೇಲೆ ತನ್ನನ್ನು ನಂಬಿ ಎನ್ನುವ ಮಾತು ಯಾವ ದರ್ಶನದಲ್ಲೂ ಪ್ರಮಾಣವಾಗಲಾರದು.

ಮೀಮಾಂಸಕರಿಂದ ಕಲಿಯಬೇಕಾದ ಇನ್ನೊಂದು ಸಂಗತಿ ಬೇರೆಡೆ ಇದೆ. ಅವರು ವೇದವಾಕ್ಯಗಳನ್ನು ವಿಧಿ, ಮಂತ್ರ, ನಾಮಧೇಯ, ನಿಷೇಧ, ಅರ್ಥವಾದ ಎಂದು ವಿಂಗಡಿಸಿ, ಒಂದನ್ನು ಇನ್ನೊಂದೆಂದು ಓದಿದರೆ ಯಾಗವೇ ಕೆಡುತ್ತದೆ ಎಂದು ಎಚ್ಚರಿಸಿದರು. ನಾಮಧೇಯವೆಂದರೆ ಕರ್ಮದ ಹೆಸರು ಮಾತ್ರ. ಅದನ್ನು ಆಜ್ಞೆಯಾಗಿ ತಿಳಿಯಬಾರದು. 2017ರ ಜುಲೈನಲ್ಲಿ ಲಿನಕ್ಸ್‌ನ ಗ್ನೋಮ್ ಡೆಸ್ಕ್‌ಟಾಪಿನ ಒಂದು ದೋಷ ಬಯಲಾಯಿತು, ಅದು ಈ ತಪ್ಪಿನ ಶುದ್ಧ ಉದಾಹರಣೆ. ವಿಂಡೋಸ್‌ನ ಎಂಎಸ್‌ಐ ಇನ್‌ಸ್ಟಾಲರ್ ಕಡತಗಳಿಗೆ ಫೈಲ್ ಮ್ಯಾನೇಜರಿನಲ್ಲಿ ಚೆಂದದ ಚಿಹ್ನೆ ತೋರಿಸಲೆಂದು ಬರೆದ ಪುಟ್ಟ ಸಹಾಯಕವೊಂದು ಕಡತದ ಆವೃತ್ತಿಸಂಖ್ಯೆಯನ್ನು ತಿಳಿಯಲು ವೈನ್‌ನೊಳಗೆ ಒಂದು ಸ್ಕ್ರಿಪ್ಟ್ ಓಡಿಸುತ್ತಿತ್ತು, ಮತ್ತು ಕಡತದ ಹೆಸರನ್ನು ಪರೀಕ್ಷಿಸದೆ ಆ ಸ್ಕ್ರಿಪ್ಟ್‌ನ ಒಳಗೆ ಅಂಟಿಸುತ್ತಿತ್ತು. ಹೆಸರಿನೊಳಗೇ ಆಜ್ಞೆಯನ್ನು ಬರೆದಿಟ್ಟರೆ ಆ ಆಜ್ಞೆ ಜಾರಿಯಾಗುತ್ತಿತ್ತು. ಬಳಕೆದಾರನು ಕಡತವನ್ನು ತೆರೆಯಲಿಲ್ಲ, ಮುಟ್ಟಲೂ ಇಲ್ಲ, ಫೋಲ್ಡರನ್ನು ನೋಡಿದನಷ್ಟೆ; ನಾಮಧೇಯ ವಿಧಿಯಾಗಿಬಿಟ್ಟಿತು. ಸ್ಟಕ್ಸ್‌ನೆಟ್‌ನ ಚಿಹ್ನೆ, ಗ್ನೋಮ್‌ನ ಹೆಸರು, ಎರಡೂ ಕಡೆ ಆದದ್ದು ಒಂದೇ: ಬರೀ ತೋರಿಸುವುದು ಮತ್ತು ಪಾಲಿಸುವುದು ಎಂಬ ಎರಡರ ನಡುವಿನ ಗೆರೆ ಅಳಿಸಿಹೋಯಿತು. ಅಪರಿಚಿತನ ಮಾತನ್ನು ಕೇಳಿಸಿಕೊಳ್ಳುವುದರಲ್ಲಿ ಅಪಾಯವಿಲ್ಲ ಎಂಬುದು ಈ ವಾದದಲ್ಲಿ ಚರ್ಚೆಯಿಲ್ಲದೆ ಒಪ್ಪಿಕೊಂಡಂತೆ ಕಾಣುವ ಅಂಶ. ಡೆಸ್ಕ್‌ಟಾಪಿನಲ್ಲಿ ಅಷ್ಟನ್ನೂ ಒಪ್ಪಿಕೊಳ್ಳುವಂತಿಲ್ಲ.

ಕರ್ನಾಟಕದ ದಾರ್ಶನಿಕರು ಈ ವಾದಕ್ಕೆ ಸೇರಿಸಿದ ಭಾಗ ಸಣ್ಣದಲ್ಲ. ವೈಟ್‌ಫೀಲ್ಡ್‌ನ ಉತ್ತರಕ್ಕೆ ಹಾದುಹೋಗುವ ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ, ಕೋಲಾರ ದಾಟಿದರೆ ಸಿಗುವ ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಬಳಿ ಓದಿದ, ಮುಂದೆ ವಿಜಯನಗರದಲ್ಲಿ ಕೃಷ್ಣದೇವರಾಯನ ಗೌರವಕ್ಕೆ ಪಾತ್ರರಾದ ವ್ಯಾಸತೀರ್ಥರು ತಮ್ಮ ತರ್ಕತಾಂಡವದಲ್ಲಿ ಗಂಗೇಶನ ನವ್ಯನ್ಯಾಯವನ್ನು ಎದುರಿಸುವಾಗ ಪ್ರಾಮಾಣ್ಯದ ಪ್ರಶ್ನೆಯನ್ನೇ ಮುಂದಿಟ್ಟುಕೊಂಡರು. ಮಧ್ವರಿಂದ, ಮಳಖೇಡದ ಜಯತೀರ್ಥರಿಂದ ಬಂದ ದ್ವೈತಪಕ್ಷದ ಪ್ರಕಾರ ಅರಿವಿನ ಸರಿತನವನ್ನು ಗ್ರಹಿಸುವುದು ಸಾಕ್ಷಿ, ಅಂದರೆ ಆತ್ಮದ ಸ್ವರೂಪವೇ ಆದ ಒಳ ಇಂದ್ರಿಯ. ಸಂಶಯ ಬಂದಾಗ ಪರೀಕ್ಷೆ ನಡೆಯುತ್ತದೆ, ಆದರೆ ಪರೀಕ್ಷೆಯ ಕೆಲಸ ಅಡ್ಡಿಯಾದ ಸಂಶಯವನ್ನು ಕಳೆಯುವುದಷ್ಟೆ. ಸರಿತನವನ್ನು ಕಡೆಗೆ ಕಾಣುವುದು ಸಾಕ್ಷಿಯೇ, ಸಾಕ್ಷಿಯನ್ನು ಪರೀಕ್ಷಿಸಲು ಇನ್ನೊಂದು ಬೇಕಿಲ್ಲ, ಆದುದರಿಂದ ಅನವಸ್ಥೆಯಿಲ್ಲ. ಏಣಿಗೆ ಒಂದು ನೆಲ ಬೇಕೇ ಬೇಕು, ಆ ನೆಲ ಅರಿಯುವವನ ಒಳಗೇ ಇರಬೇಕು ಎಂಬುದು ಇದರ ತಿರುಳು. ಕಂಪ್ಯೂಟರಿನ ದುರವಸ್ಥೆ ಏನೆಂದರೆ ಅದಕ್ಕೆ ಅಂಥ ಒಳನೆಲವಿಲ್ಲ. ಯೂನಿಕ್ಸ್‌ನ ನಿರ್ಮಾತೃಗಳಲ್ಲಿ ಒಬ್ಬರಾದ ಕೆನ್ ಥಾಂಪ್ಸನ್ 1984ರಲ್ಲಿ ಪ್ರಕಟವಾದ ತಮ್ಮ ಟ್ಯೂರಿಂಗ್ ಪ್ರಶಸ್ತಿ ಭಾಷಣದಲ್ಲಿ ಇದನ್ನು ತೋರಿಸಿದರು: ಮೂಲಸಂಕೇತವನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿನಲ್ಲೇ ಕಳ್ಳಬಾಗಿಲನ್ನು ಅಡಗಿಸಿ, ಆ ಕಂಪೈಲರಿನ ಮೂಲಸಂಕೇತದಿಂದಲೂ ಅದರ ಗುರುತನ್ನು ಅಳಿಸಿಬಿಡಬಹುದು, ಆಗ ಎಷ್ಟು ಓದಿದರೂ ಕೇಡು ಕಣ್ಣಿಗೆ ಬೀಳದು. ಮುಕ್ತ ತಂತ್ರಾಂಶದ ಮೂಲವನ್ನು ಯಾರು ಬೇಕಾದರೂ ಓದಬಹುದೆಂಬುದು ದೊಡ್ಡ ಲಾಭವೇ, ಆದರೆ ಅದೂ ಪರೀಕ್ಷೆಯ ಸೌಲಭ್ಯ ಮಾತ್ರ; ಸಾಕ್ಷಿಯ ಜಾಗವನ್ನು ಅದು ತುಂಬಲಾರದು. ಯಂತ್ರದೊಳಗೆ ಸಾಕ್ಷಿ ಇಲ್ಲದಿದ್ದರೆ ಅದು ಯಂತ್ರವನ್ನು ಬಳಸುವ ಮನುಷ್ಯನಲ್ಲೇ ಇರಬೇಕಾಗುತ್ತದೆ.

ಹಾಗಾದರೆ ಪೂರ್ಣ ನಿಶ್ಚಯವಾಗುವವರೆಗೆ ಯಾರೂ ಏನನ್ನೂ ತೆರೆಯಬಾರದೇ? ನೈಯಾಯಿಕರು ಇಲ್ಲಿ ತುಂಬ ಲೋಕಜ್ಞರು. ಸಂಶಯವಿದ್ದರೂ ಮನುಷ್ಯ ಕ್ರಿಯೆಗಿಳಿಯುತ್ತಾನೆ, ಕ್ರಿಯೆ ಫಲಿಸಿದರೆ ಅರಿವು ಸರಿಯೆಂದು ಆಮೇಲೆ ತಿಳಿಯುತ್ತಾನೆ ಎಂದು ಅವರು ಒಪ್ಪುತ್ತಾರೆ, ಇದನ್ನು ಪ್ರವೃತ್ತಿಸಾಮರ್ಥ್ಯವೆನ್ನುತ್ತಾರೆ. ನೀರೆಂದು ತೋರಿದ್ದರ ಬಳಿಗೆ ಹೋಗಿ ಕುಡಿದು ದಾಹ ತೀರಿದರೆ ಅದು ನೀರೇ. ಆದರೆ ನ್ಯಾಯದ ವ್ಯಾಖ್ಯಾನಕಾರನಾದ ವಾಚಸ್ಪತಿ ಮಿಶ್ರನು ಒಂದು ಭೇದವನ್ನು ಮಾಡುತ್ತಾನೆ. ಫಲ ಕಣ್ಣಿಗೆ ಕಾಣುವ ವಿಷಯದಲ್ಲಿ ಸಂಶಯದಿಂದಲೇ ಹೊರಡಬಹುದು. ಫಲ ಕಾಣದ, ಆದರೆ ವೆಚ್ಚ ದೊಡ್ಡದಾದ ವಿಷಯದಲ್ಲಿ, ಅವನ ಮನಸ್ಸಿನಲ್ಲಿದ್ದದ್ದು ಯಾಗ, ಹೊರಡುವ ಮೊದಲೇ ಪ್ರಾಮಾಣ್ಯ ನಿಶ್ಚಯವಾಗಬೇಕು. ಇನ್‌ಸ್ಟಾಲರ್ ಯಾವ ಬಗೆಗೆ ಸೇರಿದ್ದು? ಮೇಲ್ನೋಟಕ್ಕೆ ಮೊದಲನೆಯದಕ್ಕೆ: ಓಡಿಸಿದರೆ ಯಂತ್ರ ಜೋಡಣೆಯಾಗುತ್ತದೆ, ಕೆಲಸ ನಡೆಯುತ್ತದೆ. ಆದರೆ ಕೇಡಿನ ಕಡತವೂ ಹೇಳಿದ ಕೆಲಸವನ್ನು ಚಾಚೂ ತಪ್ಪದೆ ಮಾಡಿ ತೋರಿಸುತ್ತದೆ, ಮಾಡಿದ ಉಳಿದ ಕೆಲಸವನ್ನು ಹೇಳುವುದಿಲ್ಲ. ದಾಹ ತೀರಿದ್ದು ನೀರಿನ ಸಾಕ್ಷಿಯಾಗುತ್ತದೆ. ಸೆಟಪ್ ಮುಗಿಯಿತೆಂಬ ಸಂದೇಶ ಯಾವುದರ ಸಾಕ್ಷಿಯೂ ಅಲ್ಲ. ಆದುದರಿಂದ ದೃಷ್ಟಫಲದ ವೇಷದಲ್ಲಿ ಬರುವ ಈ ಕ್ರಿಯೆಯನ್ನು ಅದೃಷ್ಟಫಲದ ಕ್ರಿಯೆಯೆಂದೇ ಎಣಿಸುವುದು ಸರಿ. ಲೆಕ್ಕಪತ್ರ, ಗ್ರಾಹಕರ ನಕ್ಷೆ, ಯಂತ್ರದ ಪ್ರೋಗ್ರಾಮುಗಳು ಎಲ್ಲ ಇರುವ ಕಂಪ್ಯೂಟರಿನಲ್ಲಿ ಅದನ್ನು ಓಡಿಸುವುದು ದೊಡ್ಡ ವೆಚ್ಚ. ಬರಿದಾದ, ಜಾಲಕ್ಕೆ ಜೋಡಿಸದ, ಬೇಡವೆನಿಸಿದರೆ ಅಳಿಸಿ ಹೊಸದಾಗಿ ಹಾಕಬಹುದಾದ ಕಂಪ್ಯೂಟರಿನಲ್ಲಿ ಓಡಿಸುವುದು ಸಣ್ಣ ವೆಚ್ಚ, ಅಲ್ಲಿ ಸಂಶಯದಿಂದಲೇ ಹೊರಟರೂ ತಪ್ಪಿಲ್ಲ.

ಕಡೆಯ ತೊಡಕು ಹೌದು ಎಂಬ ಗುಂಡಿಯದು. ಅಪರಿಚಿತ ಪ್ರಕಾಶಕನ ಈ ತಂತ್ರಾಂಶ ನಿಮ್ಮ ಕಂಪ್ಯೂಟರನ್ನು ಬದಲಿಸಲು ಒಪ್ಪುವಿರಾ ಎಂದು ವಿಂಡೋಸ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಕೇಳುತ್ತದೆ. ಗುಂಡಿಯೊತ್ತುವವನು ಕಲಬುರಗಿಯಿಂದಲೋ ವಿಜಯಪುರದಿಂದಲೋ ಒಡಿಶಾದಿಂದಲೋ ಬಂದ ಆಪರೇಟರ್. ಮೀಮಾಂಸೆಯಲ್ಲಿ ವಿಧಿ ಎಲ್ಲರಿಗೂ ಅನ್ವಯಿಸುವುದಿಲ್ಲ, ಅಧಿಕಾರಿಗೆ ಮಾತ್ರ. ಫಲವನ್ನು ಬಯಸುವವನು, ಮಾಡಲು ಶಕ್ತನಾದವನು, ಅರ್ಥ ತಿಳಿದವನು ಅಧಿಕಾರಿ. ಆಪರೇಟರನಿಗೆ ಶಕ್ತಿಯಿದೆ, ಬೆರಳೊತ್ತುವಷ್ಟು. ವಾಕ್ಯದ ಅರ್ಥವನ್ನು ಅವನಿಗೆ ಯಾರೂ ಹೇಳಿಲ್ಲ, ಫಲವಂತೂ ಅವನದಲ್ಲ. ಯಾಗದಲ್ಲಿ ದಕ್ಷಿಣೆ ಪಡೆದು ಕರ್ಮ ನಡೆಸುವವರು ಋತ್ವಿಜರು, ಫಲ ಸೇರುವುದು ಅವರನ್ನು ನೇಮಿಸಿದ ಯಜಮಾನನಿಗೆ ಎಂದು ಮೀಮಾಂಸಾಸೂತ್ರಗಳ ಮೂರನೆಯ ಅಧ್ಯಾಯ ವಿಸ್ತಾರವಾಗಿ ನಿರ್ಣಯಿಸುತ್ತದೆ. ಆಯುಧಪೂಜೆಯ ದಿನ ಯಂತ್ರಕ್ಕೂ ಅದರ ಪಕ್ಕದ ಕಂಪ್ಯೂಟರಿಗೂ ಒಟ್ಟಿಗೆ ಕುಂಕುಮವಿಡುವ, ಬೂದುಗುಂಬಳ ಒಡೆಸುವ ಮಾಲೀಕ ಆ ದಿನ ಯಜಮಾನನ ಸ್ಥಾನದಲ್ಲಿ ನಿಲ್ಲಲು ಹಿಂಜರಿಯುವುದಿಲ್ಲ. ಕಡತಗಳೆಲ್ಲ ಬೀಗಬಿದ್ದು ಒತ್ತೆಹಣದ ಸಂದೇಶ ಪರದೆಯ ಮೇಲೆ ಬಂದ ದಿನ ಮಾತ್ರ ತಪ್ಪು ಕ್ಲಿಕ್ ಮಾಡಿದವನದೆನ್ನುತ್ತಾನೆ. ಶಾಸ್ತ್ರ ಇದನ್ನು ಒಪ್ಪುವುದಿಲ್ಲ, ನ್ಯಾಯವೂ ಒಪ್ಪಬಾರದು. ಯಾವ ಕಡತ ಒಳಗೆ ಬರಬೇಕು, ಯಾವ ಕಂಪ್ಯೂಟರಿನಲ್ಲಿ ಓಡಬೇಕು, ಅದನ್ನು ಕೊಟ್ಟವನು ಆಪ್ತನೇ ಎಂಬುದನ್ನು ವಿಚಾರಿಸಿ ನಿಶ್ಚಯಿಸಬೇಕಾದ ಕರ್ತವ್ಯ ಮಾಲೀಕನದು, ಮತ್ತು ಆ ಕರ್ತವ್ಯವನ್ನು ಅವನು ಮಾಡದೆ ಬಿಟ್ಟಾಗ ಗುಂಡಿಯ ಮೇಲಿನ ಬೆರಳು ಯಾರದ್ದಾಗಿದ್ದರೂ ಒಪ್ಪಿಗೆ ಅವನದೇ.